ಪುಸ್ತಕದ ಹಸು ಹಾಲು ಕೊಡದು

"ದಿ ಕೌ ಈಸ್ ಎ ಡೊಮೆಸ್ಟಿಕ್ ಅನಿಮಲ್." ಐದನೇ ತರಗತಿಯ ಹುಡುಗನನ್ನು ಕೇಳಿ, ಈ ಸಾಲನ್ನು ಮುತ್ತು ಪೋಣಿಸಿದಂತೆ ಬರೆದುಕೊಡುತ್ತಾನೆ. "ಸರಿಯಪ್ಪ, ನಿಮ್ಮನೆ ಹಸು ನಿನ್ನೆ ಏನ್ ಮಾಡ್ತು, ಅದನ್ನ ಬರಿ" ಎನ್ನಿ, ಪೆನ್ಸಿಲ್ ಕಚ್ಚುತ್ತಾ ಕೂರುತ್ತಾನೆ. ತಪ್ಪು ಹುಡುಗನದಲ್ಲ. ನಾವು ಕಲಿಸಿದ್ದು ಬೋರ್ಡು ನೋಡಿ ನಕಲು ಮಾಡುವುದನ್ನು, ಬರೆಯುವುದನ್ನಲ್ಲ.

ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. 2019ರಲ್ಲಿ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ತೆರೆದವು. ಆದರೂ ಸ್ವಂತದ್ದೊಂದು ವಾಕ್ಯ ಬರೆಯಲು ಮಕ್ಕಳು ಹೆದರುತ್ತಾರೆ.

ಇದಕ್ಕೊಂದು ದಾರಿ ಇದೆ. ಹೆಸರು ದೊಡ್ಡದು, ಡಿಜಿಟಲ್ ಕಥೆಗಾರಿಕೆ. ಕೆಲಸ ಸಣ್ಣದು. 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೇನಾ ಆಚ್ಲಿ, ಜೋ ಲ್ಯಾಂಬರ್ಟ್ ಮೊದಲಾದವರು ಜನಸಾಮಾನ್ಯರಿಗೆ ಹೇಳಿಕೊಟ್ಟ ವಿದ್ಯೆ ಇದು. ತನ್ನ ಕಥೆ, ತನ್ನ ಚಿತ್ರ, ತನ್ನದೇ ದನಿ, ಎಲ್ಲ ಸೇರಿ ಕೆಲವೇ ನಿಮಿಷದ ಸಿನಿಮಾ. ಆಗ ಕಂಪ್ಯೂಟರ್ ಬೇಕಿತ್ತು. ಈಗ ಮೇಷ್ಟರ ಜೇಬಿನ ಫೋನೇ ಸಾಕು.

ಮಗು ಮೊದಲು ಕನ್ನಡದಲ್ಲೇ ಕಥೆ ಹೇಳಲಿ. ನಾಲ್ಕು ಚಿತ್ರ ಬಿಡಿಸಲಿ. ಒಂದೊಂದಕ್ಕೂ ಒಂದು ಇಂಗ್ಲಿಷ್ ವಾಕ್ಯ ಬರೆದು, ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಲಿ. "ಯೆಸ್ಟರ್‌ಡೇ ಅವರ್ ಕೌ ರನ್ ಅವೇ" ಎಂದು ಫೋನು ನುಡಿದಾಗ, ಪಕ್ಕದ ಹುಡುಗಿ "ಲೋ, ರನ್ ಅಲ್ವೋ, ರ್‍ಯಾನ್" ಅನ್ನುತ್ತಾಳೆ. ಹುಡುಗ ತಿದ್ದಿ ಮತ್ತೆ ಬರೆಯುತ್ತಾನೆ. ಹೀಗೆ ತಾನಾಗಿ ತಿದ್ದಿಕೊಳ್ಳುವುದೇ ಬರವಣಿಗೆ. ಕೆಂಪು ಇಂಕಿನ ಗೀಟಿಗೆ ಹೆದರುವ ಮಗುವೂ ತನ್ನ ಕಥೆ ಕೇಳುವವರಿದ್ದಾರೆ ಎಂದರೆ ಎರಡು ಸಲ ಬರೆಯಲು ಬೇಸರಪಡುವುದಿಲ್ಲ.

ಫೋನು ಕೈಗೆ ಬಂದೊಡನೆ ಇಂಗ್ಲಿಷ್ ಬಂದೀತೆಂದು ನಾವು ಹೇಳುತ್ತಿಲ್ಲ. ಬರೆಸದೆ ಬರೀ ವಿಡಿಯೋ ತೋರಿಸಿದರೆ ಅದು ಟೂರಿಂಗ್ ಟಾಕೀಸು, ಪಾಠವಲ್ಲ. ಮಕ್ಕಳ ಮುಖವನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚುವುದೂ ಬೇಡ. ಚಿತ್ರ, ದನಿ ಇದ್ದರೆ ಸಾಕು. ಪೋಷಕರ ಸಭೆಯಲ್ಲಿ ತೋರಿಸಿದರೆ ಸಾಕು.

ವಾರಕ್ಕೊಂದು ಪೀರಿಯಡ್ಡು, ಶಾಲೆಗೊಂದು ಫೋನು, ಮೇಷ್ಟರಿಗೆ ಎರಡು ದಿನದ ತರಬೇತಿ. ನಾವು ಕೇಳುತ್ತಿರುವುದು ಇಷ್ಟೇ. ಕಾನ್ವೆಂಟಿನ ಫೀಜು ಕಟ್ಟಲಾರದ ತಂದೆತಾಯಿ ನಂಬಿ ಕೂತಿರುವುದು ಈ ಶಾಲೆಗಳನ್ನೇ. ಇಲ್ಲಿ ಕಲಿಯದ್ದನ್ನು ಟ್ಯೂಷನ್ನಿಗೆ ಕಳಿಸಿ ಕಲಿಸಲು ಅವರಲ್ಲಿ ದುಡ್ಡಿಲ್ಲ.

ಕ್ಷೇತ್ರ ಶಿಕ್ಷಣಾಧಿಕಾರಿಗಳೂ ಎಸ್.ಡಿ.ಎಂ.ಸಿ.ಯವರೂ ಮನಸ್ಸು ಮಾಡಿದರೆ ಬರುವ ಶನಿವಾರವೇ ಶುರು ಮಾಡಬಹುದು. ಮಾಡುವರೇ?