ಪರಿಮಳಕ್ಕೆ ಸೊನ್ನೆ ಅಂಕ

‘ಮಲೆನಾಡಿಗೆ ಗುಲಾಬಿ ಹೇಳಿಸಿದ್ದಲ್ಲ’ ಎಂಬ ಮಾತನ್ನು ನಾನು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಹೇಳುವವರೆಲ್ಲ ಒಂದಲ್ಲ ಒಂದು ಬೇಸಿಗೆಯಲ್ಲಿ ಪೇಟೆಯಿಂದ ಕಸಿ ಗಿಡ ತಂದು ನೆಟ್ಟವರು; ಆಷಾಢದಲ್ಲಿ ಅದರ ಎಲೆಯ ಮೇಲೆ ಕಪ್ಪು ಚುಕ್ಕೆ ಬಿದ್ದು ಉದುರಿದ್ದನ್ನು, ಶ್ರಾವಣದಲ್ಲಿ ಕಡ್ಡಿ ತುದಿಯಿಂದ ಒಣಗುತ್ತ ಬಂದದ್ದನ್ನು ಕಂಡವರು. ಅವರ ಅನುಭವ ಸುಳ್ಳಲ್ಲ, ತೀರ್ಪು ಮಾತ್ರ ಸುಳ್ಳು. ನಾನು ಹುಟ್ಟಿ ಬೆಳೆದದ್ದು ಹೊಸನಗರ ಸೀಮೆಯ ಮಳೆಯಲ್ಲಿ. ನಮ್ಮ ಅಂಗಳದಲ್ಲಿ ಗುಲಾಬಿ ಇತ್ತು. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಸದಾ ಒಂದೆರಡಾದರೂ ಹೂವಿರುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಅದರ ಪರಿಮಳ ಜಗುಲಿಗೆ ಬರುತ್ತಿತ್ತು.

ಈಚೆಗೆ ಒಂದು ನರ್ಸರಿಗೆ ಹೋಗಿದ್ದೆ. ಸಾಲು ಸಾಲು ಗುಲಾಬಿ. ಹಳದಿ, ಕಿತ್ತಳೆ, ಎರಡು ಬಣ್ಣದ್ದು, ಪಟ್ಟೆ ಎಳೆದದ್ದು. ಒಂದೊಂದಕ್ಕೂ ಬಗ್ಗಿ ಮೂಗು ಹಚ್ಚಿ ನೋಡುತ್ತ ಹೋದೆ. ಕಾಗದ ಮೂಸಿದ ಹಾಗಾಯಿತು. ನರ್ಸರಿಯವನು ನಗುತ್ತ, “ಟೀಚರ್, ಹೂ ನೋಡಿ ಎಷ್ಟು ದೊಡ್ಡದಿದೆ! ವಾಸನೆ ಬೇಕಾದ್ರೆ ಅಂಗಡೀಲಿ ಸೆಂಟ್ ಸಿಗುತ್ತಲ್ಲ” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೊಳ್ಳುವವರು ಕೇಳದ್ದನ್ನು ಅವನು ಯಾಕೆ ಮಾರಬೇಕು? ನನ್ನ ತಕರಾರು ಕೇಳುವುದನ್ನೇ ಬಿಟ್ಟ ನಮ್ಮ ಮೇಲೆ.

ಪರಿಮಳವೆಂದರೆ ಶೋಕಿ ಎಂದುಕೊಂಡವರಿಗೆ ನನ್ನ ಅಮ್ಮನ ಕತೆ ಹೇಳಬೇಕು. ನನಗೆ ಆರು ವರ್ಷವಾದಾಗ ಅಪ್ಪ ತೀರಿಕೊಂಡರು. ಅಮ್ಮನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕುಂಕುಮ ಹೋಯಿತು, ಬಳೆ ಹೋಯಿತು, ಮುಡಿಯುವ ಹೂ ಹೋಯಿತು. ಅವಳೇ ನೆಟ್ಟ ಗಿಡ ಮಾತ್ರ ಉಳಿಯಿತು. ದಿನಾ ಬೆಳಿಗ್ಗೆ ಹೂ ಕೊಯ್ಯುವವಳು ಅವಳೇ. ದೇವರಿಗೆ ಇಷ್ಟು, ಮನೆಯ ಮುತ್ತೈದೆಯರಿಗೆ ಇಷ್ಟು, ನನ್ನ ಜಡೆಗೆ ಒಂದು. ಮೂಸಿದ ಹೂ ದೇವರಿಗೆ ಸಲ್ಲದು, ಹಾಗಾಗಿ ಅವಳು ಒಂದು ಹೂವನ್ನು ಬೇರೆಯೇ ಇಟ್ಟುಕೊಳ್ಳುತ್ತಿದ್ದಳು. ಎಲ್ಲ ಕೆಲಸ ಮುಗಿದ ಮೇಲೆ ಅಡುಗೆಮನೆಯ ಕಿಟಕಿಯ ಬಳಿ ನಿಂತು ಅದನ್ನು ಮೂಸುವಳು. ಆಮೇಲೆ ಲೋಟದ ನೀರಿಗೆ ಹಾಕಿಡುವಳು. ನಾನು ನೌಕರಿಗೆ ಸೇರಿದ ಮೇಲೆ ಒಮ್ಮೆ ನಗುತ್ತ ಹೇಳಿದಳು: “ಮುಡೀಬಾರದು ಅಂದ್ರು. ಮೂಸಬಾರದು ಅನ್ನೋದು ಅವರಿಗೆ ಹೊಳೀಲಿಲ್ಲ ಕಣೇ.”

ಕೊನೆಯ ವರ್ಷಗಳಲ್ಲಿ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಒಂದು ಶಿಕ್ಷಕರ ದಿನಾಚರಣೆಯಂದು ಮಕ್ಕಳು ನನಗೆ ಪೇಟೆಯಿಂದ ತಂದ ಕೆಂಪು ಗುಲಾಬಿಯ ಗುಚ್ಛ ಕೊಟ್ಟಿದ್ದರು. ಸಂಭ್ರಮದಿಂದ ತಂದು ಅಮ್ಮನ ಕೈಗಿತ್ತೆ. ಮೂಗಿನ ಹತ್ತಿರ ಹಿಡಿದಳು, ಇನ್ನೊಮ್ಮೆ ಹಿಡಿದಳು. ಎಸಳನ್ನು ಬೆರಳಲ್ಲಿ ಒತ್ತಿ ನೋಡಿ, “ಪ್ಲಾಸ್ಟಿಕ್ಕಿಂದು ಯಾಕೆ ತಂದೆ?” ಎಂದು ಕೇಳಿದಳು. ನಿಜವಾದ ಹೂವೆಂದು ಎಷ್ಟು ಹೇಳಿದರೂ ನಂಬಲಿಲ್ಲ. ಕಣ್ಣಿಲ್ಲದವಳ ಪಾಲಿಗೆ ಅದು ಗುಲಾಬಿಯೇ ಆಗಿರಲಿಲ್ಲ. ಅವಳು ಹೇಳಿದ್ದೇ ಸರಿ ಎಂದು ಈಗ ನನಗನಿಸುತ್ತದೆ.

ಇದು ತಾನಾಗಿ ಆದದ್ದಲ್ಲ. ಹೊಸೂರು, ಬೆಂಗಳೂರು ಸುತ್ತಿನ ಪಾಲಿಹೌಸುಗಳಲ್ಲಿ ಬೆಳೆಯುವ ಹೂ ಪೆಟ್ಟಿಗೆಯಲ್ಲಿ ಕೂತು ದೂರ ಹೋಗಬೇಕು, ವಾರಗಟ್ಟಲೆ ಬಾಡದೆ ನಿಲ್ಲಬೇಕು. ತಳಿಗಾರರು ಉದ್ದ ಕಡ್ಡಿ, ಗಟ್ಟಿ ಎಸಳು, ಹೆಚ್ಚು ಬಾಳಿಕೆ ನೋಡಿ ಆರಿಸುತ್ತ ಹೋದರು, ಪರಿಮಳ ದಾರಿಯಲ್ಲೇ ಬಿದ್ದುಹೋಯಿತು. 2015ರಲ್ಲಿ ಫ್ರಾನ್ಸಿನ ಸಂಶೋಧಕರು ಗುಲಾಬಿಯ ಎಸಳಿನಲ್ಲಿ ಪರಿಮಳದ್ರವ್ಯ ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಗುರುತಿಸಿದರು. ಪರಿಮಳ ಕಡಿಮೆಯಿರುವ ತಳಿಯಲ್ಲಿ ಅದರ ಕೆಲಸವೂ ತೀರ ಕಡಿಮೆ ಎಂದು ತೋರಿಸಿಕೊಟ್ಟರು.

ಪ್ರದರ್ಶನದ ನಿಯಮಗಳನ್ನಾದರೂ ನೋಡಿ. ಅಮೆರಿಕದ ಗುಲಾಬಿ ಸಂಘದವರ ಅಂಕಪಟ್ಟಿ ಹೀಗಿದೆ: ಆಕಾರಕ್ಕೆ 25, ಬಣ್ಣಕ್ಕೆ 20, ಕಾಂಡ ಮತ್ತು ಎಲೆಗೆ 20, ಎಸಳಿನ ಗಟ್ಟಿತನಕ್ಕೆ 15, ಅಂದವಾದ ಹೊಂದಿಕೆಗೆ 10, ಗಾತ್ರಕ್ಕೆ 10. ಕೂಡಿಸಿ ನೋಡಿ, ನೂರಾಯಿತು. ಪರಿಮಳಕ್ಕೆ ಒಂದು ಅಂಕವೂ ಉಳಿಯಲಿಲ್ಲ. ಪರಿಮಳಕ್ಕೆಂದೇ ಬೇರೆ ಬಹುಮಾನ ಇಡುವುದುಂಟು, ನಿಜ. ನಮ್ಮ ಶಾಲೆಯಲ್ಲಿ ಎಲ್ಲ ಬಹುಮಾನ ಹಂಚಿ ಮುಗಿದ ಮೇಲೆ ಸನ್ನಡತೆಗೊಂದು ಪೆನ್ನು ಕೊಡುತ್ತೇವಲ್ಲ, ಹಾಗೆ. ಅಳೆಯಲು ಸುಲಭವಾದದ್ದಕ್ಕೆ ಅಂಕ ಕೊಟ್ಟು, ಅಳೆಯಲಾಗದ್ದನ್ನು ಪಟ್ಟಿಯಿಂದಲೇ ತೆಗೆಯುವ ಈ ಚಾಳಿಯನ್ನು ಟೀಚರಾದ ನಾನು ಚೆನ್ನಾಗಿ ಬಲ್ಲೆ.

ಅಮ್ಮನ ಗುಲಾಬಿ ಯಾವುದೆಂದರೆ, ತೋಟಗಾರರು ಎಡ್ವರ್ಡ್ ರೋಸ್ ಎನ್ನುವ ಗುಲಾಬಿ ಬಣ್ಣದ ಹಳೆಯ ತಳಿ. ಹಿಂದೂ ಮಹಾಸಾಗರದ ಬೂರ್ಬಾನ್ ದ್ವೀಪದಲ್ಲಿ, ಅಂದರೆ ಈಗಿನ ರಿಯೂನಿಯನ್‌ನಲ್ಲಿ, ಬೇಲಿಗೆ ನೆಟ್ಟ ಡಮಾಸ್ಕ್ ಗುಲಾಬಿಗೂ ಚೀನಾ ಗುಲಾಬಿಗೂ ತಾನಾಗಿ ಬೆರಕೆಯಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಾಣಿಸಿಕೊಂಡದ್ದು. ಪರಿಮಳ ಡಮಾಸ್ಕಿನದು, ಮರಳಿ ಮರಳಿ ಹೂ ಬಿಡುವ ಗುಣ ಚೀನಾದ್ದು. ‘ರೋಸ್ ಎಡುವಾರ್’ ಎಂಬ ಫ್ರೆಂಚ್ ಹೆಸರು ನಮ್ಮ ಬಾಯಲ್ಲಿ ಎಡ್ವರ್ಡ್ ಆಯಿತು.

ಇದಕ್ಕೆ ರೋಗವೇ ಬರುವುದಿಲ್ಲವೆಂದು ನಾನು ಹೇಳಲಾರೆ. ಕಪ್ಪು ಚುಕ್ಕೆ ರೋಗದ ಬೂಷ್ಟಿಗೆ ಎಲೆಯ ಮೇಲೆ ಏಳು ಗಂಟೆಯಷ್ಟು ಹೊತ್ತು ನೀರಿದ್ದರೆ ಸಾಕು. ನಮ್ಮಲ್ಲಿ ಜುಲೈ ತಿಂಗಳಿಡೀ ಎಲೆ ಒಣಗುವುದೇ ಇಲ್ಲ. ಆದ್ದರಿಂದ ಎಲೆ ಉದುರುತ್ತದೆ. ಆದರೆ ಗಿಡ ಸಾಯುವುದಿಲ್ಲ, ಮಳೆ ಹಿಂದಾದ ಕೂಡಲೇ ಚಿಗುರುತ್ತದೆ. ತುಂಬಾ ಎಸಳಿನ ದೊಡ್ಡ ಮೊಗ್ಗಾದರೆ ನೀರು ಕುಡಿದು ಅರಳದೆ ಕೊಳೆಯುತ್ತದೆ. ಇದರ ಹೂ ಸಣ್ಣದು, ಬೇಗ ಬಿಚ್ಚಿಕೊಳ್ಳುತ್ತದೆ. ಎರಡು ದಿನಕ್ಕೆ ಎಸಳು ಉದುರುತ್ತದೆ, ಕತ್ತು ಬಾಗುತ್ತದೆ, ಒಪ್ಪಿದೆ. ಎರಡು ದಿನದ ಮೇಲೆ ಇನ್ನೊಂದು ಅರಳುತ್ತದಲ್ಲ!

ಬೆಳೆಸುವುದು ಬ್ರಹ್ಮವಿದ್ಯೆಯಲ್ಲ. ಮುಂಗಾರು ಹಿಡಿದ ಹೊಸತರಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಯನ್ನು ಸೂರಿನ ನೀರು ಬೀಳದ ಕಡೆ ಊರಿದರೆ ಬೇರು ಬಿಡುತ್ತದೆ. ಬೇರು ಬಿಟ್ಟದ್ದನ್ನು ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ, ಮಣ್ಣು ಏರಿಸಿದ ದಿಬ್ಬದ ಮೇಲೆ ನೆಡಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಗಿಡಗಳ ನಡುವೆ ಗಾಳಿಯಾಡಬೇಕು. ಚುಕ್ಕೆ ಬಿದ್ದು ಉದುರಿದ ಎಲೆಯನ್ನು ಬುಡದಲ್ಲಿ ಬಿಡದೆ ಆಯ್ದು ಸುಡಬೇಕು. ಬೇಸಿಗೆಯಲ್ಲಿ ನೀರು ಬುಡಕ್ಕೆ ಹಾಕಬೇಕೇ ಹೊರತು ತಲೆಗಲ್ಲ. ಮಳೆಗಾಲದಲ್ಲಿ ಕತ್ತರಿ ಮುಟ್ಟಬಾರದು. ಕೊಯ್ದ ಗಾಯದಲ್ಲಿ ನೀರಿಳಿದರೆ ಕಡ್ಡಿ ಒಣಗುತ್ತದೆ. ದೀಪಾವಳಿಯ ಹೊತ್ತಿಗೆ ಸವರಿ, ಕೊಟ್ಟಿಗೆ ಗೊಬ್ಬರ ಕೊಟ್ಟರೆ ಆರೇಳು ವಾರಕ್ಕೆ ಹೂ.

ಔಷಧಿ ಬೇಡವೇ ಎಂದರೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನಾನು ಮಳೆಗೆ ಮುಂಚೆ ಒಮ್ಮೆ, ಬಿಡುವು ಕೊಟ್ಟಾಗ ಒಮ್ಮೆ ಹೊಡೆಯುತ್ತೇನೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಲೆಕ್ಕ. ಕೊನೆಗೆ ಔಷಧಿ ಹೊಡೆಯುವ ದಿನ ಒಂದು ತಂಬಿಗೆ ತೆಗೆದಿಟ್ಟರೆ ಆಯಿತು. ವಾರಕ್ಕೊಂದು ಬಾಟಲಿ ವಿಷ ಕೇಳುವ ಗಿಡ, ಮಕ್ಕಳು ಆಡುವ ನಮ್ಮ ಅಂಗಳಕ್ಕೆ ಬಂದದ್ದೇ ತಪ್ಪು. ಆ ತಪ್ಪಿಗೆ ಮಳೆಯನ್ನು ಬೈಯುವುದು ಇನ್ನೂ ದೊಡ್ಡ ತಪ್ಪು.

ನನ್ನನ್ನು ಹೆಚ್ಚು ಕೆಣಕುವ ಸಂಗತಿ ಇನ್ನೊಂದಿದೆ. ನಮ್ಮಲ್ಲಿ ಕಸಿ ಕಟ್ಟಲು ಬೇರಿನ ಗಿಡವಾಗಿ ಬಳಸುವ ತಳಿಗಳಲ್ಲಿ ಈ ಎಡ್ವರ್ಡ್ ಕೂಡ ಒಂದು. ಮಣ್ಣು ಹಿಡಿಯುವುದು, ನೀರು ಹೀರುವುದು ಇದರ ಕೆಲಸ. ಹೂವೂ ಹೆಸರೂ ಮೇಲೆ ಕೂತವರದು. ಕೆಳಗಿನಿಂದ ಇದು ಒಂದು ಚಿಗುರು ಹೊಡೆದರೆ ‘ಕಾಡು ಗುಲಾಬಿ, ಕತ್ತರಿಸಿ ಬಿಸಾಕಿ’ ಎನ್ನುತ್ತಾರೆ. ಎಷ್ಟು ಅಂಗಳಗಳಲ್ಲಿ ಮೇಲಿನ ಕಸಿ ಮಳೆಗೆ ಸತ್ತು, ಕೆಳಗಿನದು ಬದುಕಿ ಚಿಗುರಿದಾಗ ಬುಡಸಮೇತ ಕಿತ್ತೆಸೆದಿಲ್ಲ! ಬೇರಿನ ಗಿಡವೆಲ್ಲ ಎಡ್ವರ್ಡೇ ಆಗಿರಬೇಕೆಂದಿಲ್ಲ. ಆದರೂ ಕಿತ್ತೆಸೆಯುವ ಮೊದಲು ಅದಕ್ಕೊಮ್ಮೆ ಹೂ ಬಿಡಲು ಅವಕಾಶ ಕೊಡಿ, ಬಗ್ಗಿ ಮೂಸಿ ನೋಡಿ. ಹಿಂದಿನ ಬೆಂಚಿನ ಹುಡುಗರ ಬಗ್ಗೆಯೂ ನಾನು ಇದನ್ನೇ ಹೇಳುತ್ತ ಬಂದಿದ್ದೇನೆ.

ನನಗೆ ನಾಲ್ಕು ಸಲ ವರ್ಗವಾಯಿತು. ನಾಲ್ಕು ಕಡೆಯೂ ಅಮ್ಮನ ಗಿಡದ ಕಡ್ಡಿ ಊರಿ ಬಂದಿದ್ದೇನೆ. ಒಂದು ಶಾಲೆಯಲ್ಲಿ ಅಂಗಳ ಚಂದ ಮಾಡುತ್ತೇವೆಂದು ಅದನ್ನು ಕಿತ್ತು, ಬಣ್ಣದ ಕುಂಡಗಳಲ್ಲಿ ಕಸಿ ಗುಲಾಬಿ ಇಟ್ಟರಂತೆ. ಮರುವರ್ಷ ಹೋದಾಗ ಕುಂಡ ಮಾತ್ರ ಇತ್ತು. ಈ ಮುಂಗಾರಿಗೆ ಅಲ್ಲಿಗೆ ಇನ್ನೊಂದು ಕಡ್ಡಿ ಒಯ್ಯುವವಳಿದ್ದೇನೆ. ನೀವು ನರ್ಸರಿಗೆ ಹೋದರೆ ನನಗಾಗಿ ಇಷ್ಟು ಮಾಡಿ: ಬೆಲೆ ಕೇಳುವ ಮೊದಲು ಹೂವಿಗೆ ಮೂಗು ಹಚ್ಚಿ. ಪರಿಮಳವಿಲ್ಲದಿದ್ದರೆ, ಅಮ್ಮ ಕೇಳಿದ ಪ್ರಶ್ನೆಯನ್ನೇ ಸ್ವಲ್ಪ ಗಟ್ಟಿಯಾಗಿ ಕೇಳಿ, ಸುಮ್ಮನೆ ವಾಪಸು ಬನ್ನಿ.