ವೆಬ್‌ನ ಎರಡೂ ಬದಿ ಒಟ್ಟಿಗೇ ಕಲಿಸಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಿಸಿಎ ಸೇರುವ ಮಕ್ಕಳು ವೆಬ್ ಪ್ರೋಗ್ರಾಮಿಂಗನ್ನು ಸಾಮಾನ್ಯವಾಗಿ ಎರಡು ತುಂಡು ಮಾಡಿ ಕಲಿಯುತ್ತಾರೆ. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಒಂದು ಸೆಮಿಸ್ಟರಿಗೆ, ಪಿಎಚ್‌ಪಿ ಮತ್ತು ಮೈಎಸ್‌ಕ್ಯುಎಲ್ ಇನ್ನೊಂದಕ್ಕೆ. ಪ್ರಶ್ನೆಪತ್ರಿಕೆ ತೆಗೆಯಲು ಇದು ಸಲೀಸು. ಆದರೆ ವಿದ್ಯಾರ್ಥಿಗೆ ಇದರಿಂದ ಆಗುವ ನಷ್ಟ ದೊಡ್ಡದು, ಏಕೆಂದರೆ ವೆಬ್‌ನಲ್ಲಿ ಕಲಿಯಬೇಕಾದ ಮುಖ್ಯ ಸಂಗತಿಗಳೆಲ್ಲ ಬ್ರೌಸರ್ ಮತ್ತು ಸರ್ವರ್ ನಡುವಿನ ದಾರಿಯಲ್ಲೇ ಇವೆ. ಒಂದು ಉದಾಹರಣೆ ನೋಡಿ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಅದನ್ನು ಮಾರುವ ಒಂದು ಪುಟ ಮಾಡಲು ವಿದ್ಯಾರ್ಥಿಗೆ ಹೇಳಿದೆವು ಎಂದಿಟ್ಟುಕೊಳ್ಳಿ. ಚೀಲಗಳ ಸಂಖ್ಯೆ ಒಂದಕ್ಕಿಂತ ಕಡಿಮೆ ಇರಬಾರದೆಂದು ಆತ ಫಾರ್ಮಿನಲ್ಲೇ ಬರೆದಿರುತ್ತಾನೆ. ಗ್ರಾಹಕ ಎಫ್12 ಒತ್ತಿ ಪುಟದ ಕೋಡ್ ತೆರೆದು ಆ ನಿಯಮವನ್ನೇ ಅಳಿಸಿ, ಮೈನಸ್ ಐದು ಚೀಲಕ್ಕೆ ಆರ್ಡರ್ ಕಳಿಸಬಹುದು. ಸರ್ವರ್ ಮತ್ತೊಮ್ಮೆ ಪರೀಕ್ಷಿಸದಿದ್ದರೆ ಡೇಟಾಬೇಸ್ ಅದನ್ನು ಹಾಗೆಯೇ ಬರೆದುಕೊಳ್ಳುತ್ತದೆ, ಲೆಕ್ಕದಲ್ಲಿ ಅಂಗಡಿಯವನೇ ಗ್ರಾಹಕನಿಗೆ ಹಣ ಕೊಡಬೇಕಾಗುತ್ತದೆ. ಬ್ರೌಸರ್ ಇರುವುದು ಪರರ ಕೈಯಲ್ಲಿ ಎಂಬ ಈ ತಿಳಿವಳಿಕೆ, ಎರಡೂ ಬದಿಯ ಕೆಲಸವನ್ನು ಒಂದೇ ದಿನ ಕೈಯಾರೆ ಮಾಡಿದವರಿಗೆ ಮಾತ್ರ ದಕ್ಕುತ್ತದೆ.

ನಮ್ಮ ಭಾಷೆಯಲ್ಲಿಯೇ ಇನ್ನೂ ಒಳ್ಳೆಯ ಪಾಠವಿದೆ. 'ಬಸವನ ಬಾಗೇವಾಡಿ' ಎಂದು ಟೈಪ್ ಮಾಡಿ ಉದ್ದ ಕೇಳಿದರೆ ಜಾವಾಸ್ಕ್ರಿಪ್ಟ್ 13 ಎನ್ನುತ್ತದೆ. ಅದೇ ಹೆಸರಿಗೆ ಉದ್ದ ಅಳೆಯುವ ಪಿಎಚ್‌ಪಿಯ ಸ್ಟ್ರ್‌ಲೆನ್ 37 ಎನ್ನುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು, ಜಾವಾಸ್ಕ್ರಿಪ್ಟ್ ಸಂಕೇತ ಎಣಿಸುತ್ತದೆ, ಸ್ಟ್ರ್‌ಲೆನ್ ಬೈಟು ಎಣಿಸುತ್ತದೆ. ಈಗ ಊರಿನ ಹೆಸರಿಗೆ ಎರಡೂ ಕಡೆ 20ರ ಮಿತಿ ಹಾಕಿ ನೋಡಿ. ಬ್ರೌಸರ್ ಒಪ್ಪುತ್ತದೆ, ಸರ್ವರ್ ತಿರಸ್ಕರಿಸುತ್ತದೆ; ಅಥವಾ 20ನೇ ಬೈಟಿಗೆ ಕತ್ತರಿಸಿ 'ಬಸವನ ಬಾ' ಎಂಬುದರ ಬಾಲಕ್ಕೆ ಒಂದು ಮುರಿದ ಬೈಟು ಅಂಟಿಸಿ ಇಟ್ಟುಕೊಳ್ಳುತ್ತದೆ. ಇಂಗ್ಲಿಷ್ ಹೆಸರಿನ ಮಾದರಿ ಅಭ್ಯಾಸಗಳಲ್ಲಿ ಈ ದೋಷ ಎಂದೂ ಕಾಣುವುದಿಲ್ಲ, ಅಲ್ಲಿ ಅಕ್ಷರಕ್ಕೊಂದೇ ಬೈಟು. ಕನ್ನಡದಲ್ಲಿ ಫಾರ್ಮ್ ತುಂಬುವ ಜನರಿಗಾಗಿ ಕೆಲಸ ಮಾಡಬೇಕಾದವರು ಇದನ್ನು ಕಾಲೇಜಿನಲ್ಲೇ ಕಾಣಬೇಕು.

ತಾಲೂಕಿನಲ್ಲಿ ಇಂಟರ್‌ನೆಟ್ ನೆಚ್ಚುವಂತಿಲ್ಲ, ಸರ್ವರ್ ಎಲ್ಲಿಂದ ತರುವುದು ಎಂಬ ಆಕ್ಷೇಪ ಬರುತ್ತದೆ. ಬೇಕಾದದ್ದು ಒಂದು ಹಳೆಯ ಕಂಪ್ಯೂಟರ್ ಮಾತ್ರ. ಉಚಿತವಾಗಿ ಸಿಗುವ ಎಕ್ಸ್‌ಎಎಂಪಿಪಿ (XAMPP) ತಂತ್ರಾಂಶವನ್ನು ಒಮ್ಮೆ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದರೆ ಬ್ರೌಸರ್, ಸರ್ವರ್, ಡೇಟಾಬೇಸ್ ಮೂರೂ ಅದೇ ಯಂತ್ರದಲ್ಲಿ ನೆಟ್ ಇಲ್ಲದೆ ನಡೆಯುತ್ತವೆ. ಬೆಂಗಳೂರಿನ ಕಂಪನಿಗಳು ಫ್ರಂಟ್‌ಎಂಡ್, ಬ್ಯಾಕ್‌ಎಂಡ್ ಎಂದು ಬೇರೆ ಬೇರೆ ಹುದ್ದೆ ಕರೆಯುತ್ತವೆ ಎನ್ನುವುದು ನಿಜ. ಒಂದರಲ್ಲಿ ಪಳಗುವುದು ಆಮೇಲಿನ ಮಾತು, ಮೊದಲ ವರ್ಷಕ್ಕೆ ಆ ಗೋಡೆ ಬೇಡ. 2009ರಲ್ಲಿ ನೋಡ್.ಜೆಎಸ್ ಬಂದ ಮೇಲಂತೂ ಬ್ರೌಸರಿನ ಭಾಷೆಯಲ್ಲೇ ಸರ್ವರಿನ ಕೆಲಸವನ್ನೂ ಬರೆಯಬಹುದು, ಹೊಸ ಭಾಷೆಯ ಹೊರೆ ಎಂಬ ನೆಪವೂ ಉಳಿದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕೃತಕ ಬುದ್ಧಿಮತ್ತೆಯದು. ಕೇಳಿದರೆ ಸಾಕು, ಅದು ಇಡೀ ಫಾರ್ಮನ್ನೇ ಬರೆದುಕೊಡುತ್ತದೆ. ಆದರೆ ಅದು ಕೊಟ್ಟ ಕೋಡಿನಲ್ಲಿ ಸರ್ವರಿನ ತಪಾಸಣೆ ಬಿಟ್ಟುಹೋಗಿದೆಯೇ, ಉದ್ದವನ್ನು ಬೈಟಿನಲ್ಲಿ ಅಳೆದಿದೆಯೇ ಎಂದು ಗುರುತಿಸುವವರು ಯಾರು? ಎರಡೂ ಬದಿ ಗೊತ್ತಿಲ್ಲದವನಿಗೆ ಅದನ್ನು ಕೇಳಬೇಕೆಂದೇ ಹೊಳೆಯುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಯನ್ನು ಬದಲಿಸಿದರೆ ಪಾಠವೂ ಬದಲಾಗುತ್ತದೆ. ರೆಕಾರ್ಡ್ ಪುಸ್ತಕದ ಪ್ರೋಗ್ರಾಮನ್ನು ಬಾಯಿಪಾಠ ಮಾಡಿ ಟೈಪ್ ಮಾಡಿಸುವುದನ್ನು ರಾಣಿ ಚನ್ನಮ್ಮ ಮತ್ತು ಅಕ್ಕಮಹಾದೇವಿ ವಿಶ್ವವಿದ್ಯಾಲಯಗಳು ಉತ್ತೇಜಿಸಬಾರದು. ಅದರ ಬದಲು ಪರೀಕ್ಷಕರು ವಿದ್ಯಾರ್ಥಿಯ ಪುಟದಲ್ಲಿ ಮೈನಸ್ ಐದು ಹಾಕಲಿ, ಊರಿನ ಹೆಸರನ್ನು ಕನ್ನಡದಲ್ಲಿ ತುಂಬಲಿ, ನಂತರ ಡೇಟಾಬೇಸ್ ತೆರೆದು ಅಲ್ಲಿ ಏನು ಕೂತಿದೆಯೋ ಅದಕ್ಕೆ ಅಂಕ ಕೊಡಲಿ.