ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಕಿವಿ ಎಲ್ಲಿ?

ಅಮೆರಿಕದಲ್ಲಿ ಮೋಟಾರು ಷೆಡ್ಡಿನಲ್ಲೇ ವಿಮಾನ ಕಟ್ಟಿ ಹಾರಿಸುವ ಗೃಹಸ್ಥರುಂಟು. ಕೆಲಸದ ಹೆಚ್ಚಿನ ಪಾಲನ್ನು ಅವರೇ ಮಾಡಿರಬೇಕು, ಅದೂ ಕಲಿಕೆಗೋ ವಿನೋದಕ್ಕೋ ಮಾಡಿರಬೇಕೆಂದು ಅಲ್ಲಿನ ಸರ್ಕಾರದ ಕಟ್ಟಳೆ. 1953ರಲ್ಲೇ ಇಂಥವರು ಸೇರಿ ಒಂದು ಸಂಘವನ್ನೂ ಕಟ್ಟಿಕೊಂಡರು. ನೋಡಲು ಬಂದವರೆಲ್ಲ ಎಂಜಿನ್ನಿನ ವಿಚಾರ ಕೇಳುತ್ತಾರಂತೆ. ಆಂಟೆನಾದ ವಿಚಾರ ಕೇಳುವವರು ಕಡಮೆ. ಆದರೆ ಗಿಜಿಗುಟ್ಟುವ ನಿಲ್ದಾಣದ ಮೇಲೆ, ತಾನು ಹೇಳಿದ್ದು ಕೆಳಗಿನವರಿಗೆ ಕೇಳಿಸಿತೆಂದು ಚಾಲಕ ನಂಬಿ, ಅದು ಕೇಳಿಸದೆಯೇ ಹೋಗಿದ್ದರೆ ಗತಿಯೇನು?

ಮೊದಲು ನೋಡಬೇಕಾದದ್ದು ವಿಮಾನದ ಮೈ ಯಾವುದರದ್ದೆಂಬುದು. ಲೋಹದ ತಗಡಾದರೆ ಸುಲಭ. ಮಾತಿನ ರೇಡಿಯೋ 118ರಿಂದ 137 ಮೆಗಾಹರ್ಟ್ಸ್‌ನದು. ಅಲೆಯ ಕಾಲು ಭಾಗ, ಎಂದರೆ ಸುಮಾರು 59 ಸೆಂ.ಮೀ. ಉದ್ದದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿದರಾಯಿತು, ಉಳಿದರ್ಧದ ಕೆಲಸವನ್ನು ತಗಡೇ ಮಾಡುತ್ತದೆ. ಫೈಬರ್ ಗ್ಲಾಸಿನ ಮೈಗೆ ಆ ಗುಣವಿಲ್ಲ. ಅದಕ್ಕೆ ಎರಡು ತೋಳಿನ ಆಂಟೆನಾ ಬೇಕು, ಇಲ್ಲವೇ ಕಡ್ಡಿಯ ಬುಡಕ್ಕೆ ಲೋಹದ ಹಾಳೆ ಕೊಡಬೇಕು. ಆದರೆ ಅಲೆಗಳು ಅದನ್ನು ತೂರಿ ಹೋಗುವುದರಿಂದ ಆಂಟೆನಾವನ್ನು ಒಳಗೇ ಅಡಗಿಸಬಹುದು. ಕಾರ್ಬನ್ ಫೈಬರಿನಲ್ಲಿ ಆ ಆಸೆ ಬೇಡ. ಅದು ಅಲೆಗಳಿಗೆ ಅಡ್ಡಗೋಡೆ.

ಬರ್ಟ್ ರುಟಾನರ ಲಾಂಗ್-ಈಜಿ 1979ರಲ್ಲಿ ಮೊದಲು ಹಾರಿತು. ಫೋಮನ್ನು ಕೆತ್ತಿ, ಮೇಲೆ ಗಾಜಿನ ಬಟ್ಟೆ ಅಂಟಿಸಿ ಕಟ್ಟುವ ವಿಮಾನ ಅದು. ರೆಕ್ಕೆಯ ತುದಿಯಲ್ಲಿ ಮೇಲಕ್ಕೆದ್ದ ಕಿರುರೆಕ್ಕೆಯೊಳಗೆ ತಾಮ್ರದ ಪಟ್ಟಿ ಹಾಸಿದರೆ ಅದೇ ಆಂಟೆನಾ. ಗಾಳಿಗೆ ಅಡ್ಡಿಯಿಲ್ಲ, ನೋಡುವವರಿಗೂ ಕಾಣದು. ತೊಡಕು ಬೇರೆ ಕಡೆ ಇದೆ: ಬಟ್ಟೆ ಅಂಟಿಸುವ ಮೊದಲೇ ಪಟ್ಟಿ ಹಾಕಬೇಕು, ಕೇಬಲ್ ಬೆಸೆಯಬೇಕು, ಮೀಟರು ಹಿಡಿದು ಪರೀಕ್ಷಿಸಬೇಕು. ಸುಣ್ಣ ಬಳಿದಾದ ಮೇಲೆ ವಿದ್ಯುತ್ ತಂತಿಗಾಗಿ ಗೋಡೆ ಒಡೆಸಿದ ಮನೆಗಳನ್ನು ನಾವೆಲ್ಲ ಕಂಡವರೇ. ವಿಮಾನದ ರೆಕ್ಕೆಯನ್ನು ಹಾಗೆ ಒಡೆಯಲಾದೀತೆ?

ದಾರಿ ತೋರುವ ವಿ.ಓ.ಆರ್. ಗ್ರಾಹಕಕ್ಕೆ 108ರಿಂದ 118 ಮೆಗಾಹರ್ಟ್ಸ್. ಅದರ ಆಂಟೆನಾ ಹಿಂದೆ ನಮ್ಮ ಮಾಳಿಗೆಗಳ ಮೇಲಿದ್ದ ದೂರದರ್ಶನದ ಆಂಟೆನಾದಂತೆ ಅಡ್ಡಲಾಗಿ ಮಲಗಿರಬೇಕು, ನಿಲ್ಲಿಸಿದರೆ ಕಿವುಡಾದಂತೆಯೇ. ರಾಡಾರಿಗೆ ಉತ್ತರಿಸುವ ಟ್ರಾನ್ಸ್‌ಪಾಂಡರಿನದು ಸುಮಾರು 7 ಸೆಂ.ಮೀ. ಉದ್ದದ ಮೊಳೆಯಂಥದು, ಸಾಮಾನ್ಯವಾಗಿ ಹೊಟ್ಟೆಯ ಕೆಳಗೆ. ಕೂರುವ ಜಾಗಕ್ಕೆ ಅದು ಹತ್ತಿರವಿರದಿದ್ದರೆ ಒಳ್ಳೆಯದು.

ಜಿ.ಪಿ.ಎಸ್. ಆಂಟೆನಾ ಆಕಾಶ ನೋಡುತ್ತಿರಬೇಕೆಂದು ಮಕ್ಕಳೂ ಹೇಳಿಯಾರು. ಮಾತಿನ ಆಂಟೆನಾದಿಂದ ಅದನ್ನು ಏಕೆ ದೂರವಿಡಬೇಕೆಂಬುದರಲ್ಲಿ ಒಂದು ಲೆಕ್ಕವಿದೆ. ದಿನವಿಡೀ ಅಂಕಿ ಕೂಡುವ ನನ್ನಂಥ ಗುಮಾಸ್ತನಿಗೆ ಬಲು ರುಚಿಸಿದ ಲೆಕ್ಕ. ಜಿ.ಪಿ.ಎಸ್. ಕೇಳುವುದು 1575.42 ಮೆಗಾಹರ್ಟ್ಸ್‌ನಲ್ಲಿ. ಚಾಲಕ 121.15ರಲ್ಲಿ ಮಾತಾಡಿದನೆನ್ನಿ. ಅದನ್ನು 13ರಿಂದ ಗುಣಿಸಿ: 1574.95! ರೇಡಿಯೋ ಹೊರಡಿಸುವ ಹದಿಮೂರನೆಯ ಮರಿ ಅಲೆ ನೇರ ಜಿ.ಪಿ.ಎಸ್.ನ ಬಾಗಿಲಿಗೇ ಬರುತ್ತದೆ. ಉಪಗ್ರಹದ ಸಂಕೇತವೋ ಬಹಳ ಕ್ಷೀಣ. ಚಾಲಕ ಮಾತಾಡಿದಾಗಲೆಲ್ಲ ನಕಾಶೆ ಮಂಕಾದರೆ ಕೆಲವರು ಪೆಟ್ಟಿಗೆಯನ್ನೇ ಬದಲಿಸಿ ಹಣ ಕಳೆಯುತ್ತಾರೆ. ಎರಡು ಆಂಟೆನಾಗಳ ನಡುವೆ ಒಂದೆರಡು ಗಜ ಬಿಟ್ಟಿದ್ದರೆ ಆ ಖರ್ಚು ಬಹುಮಟ್ಟಿಗೆ ಉಳಿಯುತ್ತಿತ್ತು.